ನಾಯಿ ಮಾತ್ರೆ ನುಂಗಿತಾ? ಮೊದಲು ಎಣಿಸಿ

ಕಳೆದ ಮಳೆಗಾಲದಲ್ಲಿ ಕುಂಜಿಬೆಟ್ಟಿನ ನಮ್ಮ ಪಕ್ಕದ ಮನೆಯ ನಾಯಿ ಅಜ್ಜಿಯ ದಿಂಬಿನಡಿಯಿಂದ ಮಾತ್ರೆಯ ಸ್ಟ್ರಿಪ್ ಎಳೆದು ಜಗಿದಿತ್ತು. ನಾನು ಹೋಗುವಷ್ಟರಲ್ಲಿ ಒಬ್ಬರು ಉಪ್ಪುನೀರು ಕಲಸುತ್ತಿದ್ದರು, ಇನ್ನೊಬ್ಬರು ಎಳನೀರು ಕೆತ್ತುತ್ತಿದ್ದರು. ಎಷ್ಟು ಮಾತ್ರೆ ಹೋಗಿದೆ ಅಂತ ನೋಡಿದವರು ಯಾರೂ ಇಲ್ಲ.

ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ, ನಾಯಿಯನ್ನು ಬೇರೆ ಕೋಣೆಯಲ್ಲಿ ಕಟ್ಟಿ. ಇದು ಒಂದು ನಿಮಿಷದ ಕೆಲಸ.

ಆಮೇಲೆ ಎಣಿಕೆ. ಎಲ್ಲರೂ ಎಡವುವುದು ಇಲ್ಲೇ. ಸ್ಟ್ರಿಪ್ಪಿನ ತುಂಡುಗಳನ್ನೆಲ್ಲ ನೆಲದ ಮೇಲೆ ಜೋಡಿಸಿ, ಖಾಲಿ ಗುಳಿ ಎಣಿಸಿ. ಅಜ್ಜಿ ಬೆಳಗ್ಗೆ ತೆಗೆದುಕೊಂಡದ್ದು ಎಷ್ಟು ಅಂತ ಕೇಳಿ ಕಳೆಯಿರಿ. ಮಂಚದಡಿ ಟಾರ್ಚ್ ಹಾಕಿ ನೋಡಿ, ಎರಡು ಮಾತ್ರೆ ಅಲ್ಲೇ ಉರುಳಿರಬಹುದು. ಲೆಕ್ಕ ಸಿಗದಿದ್ದರೆ ಇಲ್ಲದ್ದೆಲ್ಲ ಹೊಟ್ಟೆಗೆ ಹೋಗಿದೆ ಅಂತಲೇ ತಿಳಿಯಿರಿ. ಮನೆಯಲ್ಲಿ ಎರಡು ನಾಯಿ ಇದ್ದರೆ ಎರಡೂ ಪೂರ್ತಿ ತಿಂದಿವೆ ಅಂತ. ಹೆಸರಿನ ಜೊತೆ ಮಿಲಿಗ್ರಾಂ ಕೂಡ ಓದಿ. ಹತ್ತು ಕಿಲೋ ನಾಯಿ ಡೋಲೋ 650 (ಒಂದರಲ್ಲಿ 650 ಮಿಲಿಗ್ರಾಂ ಪ್ಯಾರಸಿಟಮಾಲ್) ಎರಡು ನುಂಗಿದರೆ ಕಿಲೋಗೆ 130 ಮಿಲಿಗ್ರಾಂ ಆಯ್ತು, ಲಿವರ್ ಕೆಡಲು ಅಷ್ಟು ಸಾಕು. ತೂಕ ಗೊತ್ತಿಲ್ವಾ? ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯಿರಿ.

ವಾರದ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ಬರುತ್ತದಲ್ಲ, ಅದು ನನಗೆ ಆಗುವುದೇ ಇಲ್ಲ. ಬಿದ್ದರೆ ಬಾಯಿ ಬಿಡುತ್ತದೆ, ಒಳಗಿದ್ದದ್ದು ಬಿಪಿಯದ್ದಾ ಶುಗರಿನದ್ದಾ ಅಂತ ಹೇಳುವವರಿಲ್ಲ.

ಲೆಕ್ಕ ಕೈಯಲ್ಲಿ ಹಿಡಿದು ನಾಯಿಯ ಡಾಕ್ಟರಿಗೆ ಫೋನ್ ಮಾಡಿ. ಅವರು ಬನ್ನಿ ಅಂದರೆ ಸ್ಟ್ರಿಪ್ ಸಮೇತ ಹೊರಡಿ.

ಉಪ್ಪುನೀರು ಮಾತ್ರ ಬೇಡ ಮಾರಾಯ್ರೆ. ರಕ್ತದಲ್ಲಿ ಸೋಡಿಯಂ ಏರಿ ನಾಯಿಗೆ ಫಿಟ್ಸ್ ಬರಬಹುದು, ಆಗ ಮಾತ್ರೆಗಿಂತ ಉಪ್ಪೇ ದೊಡ್ಡ ವಿಷ. ಗಂಟಲಿಗೆ ಬೆರಳು ಹಾಕುವುದೂ ಬೇಡ. ಎಳನೀರು, ಹಾಲು, ಮಜ್ಜಿಗೆ ಯಾವುದೂ ಮಾತ್ರೆಯನ್ನು ಹಿಂದಕ್ಕೆ ತರುವುದಿಲ್ಲ. ವಾಂತಿ ಮಾಡಿಸುವುದರಿಂದ ಉಪಯೋಗ ಇರುವುದು ಹೆಚ್ಚಾಗಿ ಮೊದಲ ಒಂದೆರಡು ಗಂಟೆಯಲ್ಲಿ, ಅದಕ್ಕೆ ಡಾಕ್ಟರ ಹತ್ತಿರ ಇಂಜೆಕ್ಷನ್ ಇದೆ. ತೂಕಡಿಸುತ್ತಿರುವ ನಾಯಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೇ ಇಳಿಯಬಹುದು. ಸ್ಟ್ರಿಪ್ಪಿನ ಚೂರು ನುಂಗಿದ್ದರೆ ಅದನ್ನೂ ಹೇಳಿ, ಅದರ ಅಂಚು ಬ್ಲೇಡಿನ ಹಾಗೆ.

"ಬಾಲ ಅಲ್ಲಾಡಿಸ್ತಾ ಉಂಟಲ್ಲ, ಎಂತ ಆಗುದಿಲ್ಲ" ಅಂತ ಸುಮ್ನೆ ಕೂರಬೇಡಿ. ಪ್ಯಾರಸಿಟಮಾಲ್‌ನಿಂದ ಲಿವರ್ ಕೆಟ್ಟದ್ದು ಒಂದೆರಡು ದಿನ ಬಿಟ್ಟು ಗೊತ್ತಾಗಬಹುದು. ಐಬುಪ್ರೊಫೆನ್ ಆದರೆ ಹೊಟ್ಟೆಯಲ್ಲಿ ಹುಣ್ಣಾಗಿ ಮಲ ಟಾರಿನ ಹಾಗೆ ಕಪ್ಪಗೆ ಬರುತ್ತದೆ, ಜಾಸ್ತಿ ಹೋದರೆ ಕಿಡ್ನಿಗೂ ಹೊಡೆತ. ಕಾಂಬಿಫ್ಲಾಮ್‌ನಲ್ಲಿ ಎರಡೂ ಉಂಟು. ಬೆಕ್ಕಿಗಂತೂ ಪ್ಯಾರಸಿಟಮಾಲ್ ಒಂದೇ ಮಾತ್ರೆ ಸಾಕು ಜೀವ ತೆಗೆಯಲು, ಅಲ್ಲಿ ಎಣಿಸುತ್ತಾ ಕೂರದೆ ನೇರ ಗಾಡಿ ಹತ್ತಿ.

ಪಕ್ಕದ ಮನೆಯಲ್ಲಿ ಕೊನೆಗೆ ಐದು ಮಾತ್ರೆ ಕಡಿಮೆ ಇತ್ತು. ಮೂರು ಅಜ್ಜಿಯ ಸೆರಗಿನ ಗಂಟಿನಲ್ಲಿ ಸಿಕ್ಕಿತು.