ಮನೆಯ ಪೋಕರ್ ಆಟದಲ್ಲಿ ‘ನೋಡೇ ಬಿಡೋಣ’ ಚಾಳಿ ಬಿಡುವುದು ಹೇಗೆ

ತಿಂಗಳಿಗೊಮ್ಮೆ ಸ್ನೇಹಿತರ ಮನೆಯಲ್ಲಿ ಸೇರಿ ಟೆಕ್ಸಾಸ್ ಹೋಲ್ಡೆಮ್ ಆಡುವವರ ಚಿಪ್ಸ್ ಕರಗುವುದು ಬಹುತೇಕ ಒಂದೇ ದಾರಿಯಲ್ಲಿ: ‘ಎರಡೇ ಚಿಪ್ ತಾನೆ, ನೋಡೇ ಬಿಡೋಣ’ ಎಂದು ಕಾಲ್ ಮಾಡುತ್ತಾ, ಅಂದರೆ ಎದುರಿನವರು ಹಾಕಿದಷ್ಟೇ ಹಾಕುತ್ತಾ ಹೋಗುವುದು. ಕೈಗೆ ಎರಡು ಎಲೆ ಸಿಕ್ಕಾಗ ಒಮ್ಮೆ, ಫ್ಲಾಪ್, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರೆಲೆ, ಮೇಜಿನ ಮೇಲೆ ಬಿದ್ದಾಗ ಇನ್ನೊಮ್ಮೆ, ಕೊನೆಯ ಎಲೆ ಬಂದ ಮೇಲೆ ‘ಇಷ್ಟು ಹಾಕಿದ್ದೀನಲ್ಲ’ ಎಂದು ಮತ್ತೊಮ್ಮೆ. ಈ ಮೂರು ಜಾಗಗಳಲ್ಲಿ ಕೈ ಹಿಡಿತಕ್ಕೆ ಬಂದರೆ ಸಾಮಾನ್ಯ ಟೇಬಲ್‌ನಲ್ಲಿ ಮುಂದಿರುವುದು ಕಷ್ಟವಲ್ಲ. ಎದುರಾಳಿಯ ಮುಖ ಓದುವ ವಿದ್ಯೆಯೆಲ್ಲ ಆಮೇಲಿನ ಮಾತು.

ಹಣದ ವಿಷಯ ಮೊದಲೇ ಮುಗಿಸಿಬಿಡೋಣ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ ನಿಷೇಧಿಸಿದೆ. ಕರ್ನಾಟಕದಲ್ಲಿ ಜೂಜಿನ ಪ್ರಕರಣಗಳು ದಾಖಲಾಗುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಬರೀ ಚಿಪ್ಸ್ ಇಟ್ಟು ಆಡುವ ಆಟಕ್ಕೆ.

ಅದರಲ್ಲೊಂದು ತೊಡಕಿದೆ. ಚಿಪ್ಸ್‌ಗೆ ಬೆಲೆಯಿಲ್ಲ ಎಂದಾದರೆ ಯಾರೂ ಫೋಲ್ಡ್ ಮಾಡುವುದಿಲ್ಲ, ಅಂದರೆ ಎಲೆ ಬಿಸಾಡಿ ಹಿಂದೆ ಸರಿಯುವುದಿಲ್ಲ, ಆಟ ಅಂದರ್ ಬಾಹರ್‌ನಷ್ಟೇ ಅದೃಷ್ಟದ್ದಾಗುತ್ತದೆ. ಇದಕ್ಕೆ ಪರಿಹಾರ, ಚಿಪ್ಸ್ ಮುಗಿದವರು ಹೊರಗೆ ಎಂಬ ಟೂರ್ನಮೆಂಟ್ ಪದ್ಧತಿ. ಆರು ಜನಕ್ಕೆ ತಲಾ 200 ಕೊಡಿ: 1ರ ಚಿಪ್ 20, 5ರದ್ದು 16, 25ರದ್ದು 4. ಒಬ್ಬರಿಗೆ 40 ಚಿಪ್‌ನಂತೆ 240 ಸಾಕು, 300 ಚಿಪ್‌ಗಳ ಒಂದು ಪೆಟ್ಟಿಗೆಯಲ್ಲಿ ಆಗಿಹೋಗುತ್ತದೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್; ಚಿಕ್ಕದು ಸ್ಮಾಲ್ ಬ್ಲೈಂಡ್, ದೊಡ್ಡದು ಬಿಗ್ ಬ್ಲೈಂಡ್) 1/2ರಿಂದ ಶುರುಮಾಡಿ 20 ನಿಮಿಷಕ್ಕೊಮ್ಮೆ ಏರಿಸಿ: 2/4, 3/6, 5/10, 10/20, 15/30, 25/50. ಕೊನೆಯ ಹಂತಕ್ಕೆ ಬರುವಷ್ಟರಲ್ಲಿ ಟೇಬಲ್ ಮೇಲಿನ ಒಟ್ಟು 1200 ಚಿಪ್ಸ್ ಬರೀ 24 ಬಿಗ್ ಬ್ಲೈಂಡ್ ಆಗಿರುತ್ತದೆ, ಹಾಗಾಗಿ ಆಟ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲು ಹೊರಬಿದ್ದವರಿಗೆ ಟೀ ಮಾಡುವ ಕೆಲಸ ಹಚ್ಚಿದರೆ ಚಿಪ್ಸ್‌ಗೆ ಇನ್ನಷ್ಟು ಮರ್ಯಾದೆ ಬರುತ್ತದೆ.

ತೀನ್ ಪತ್ತಿ ಆಡಿ ಬಂದವರು ಮೊದಲು ಕೆಲವನ್ನು ಮರೆಯಬೇಕು. ತೀನ್ ಪತ್ತಿಯಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು. ಪೋಕರ್‌ನಲ್ಲಿ ತಿರುಗುಮುರುಗು: ಒಂದೇ ಬಣ್ಣದ (ಎಲ್ಲವೂ ಆಟೀನು ಅಥವಾ ಎಲ್ಲವೂ ಇಸ್ಪೀಟು, ಹೀಗೆ) ಐದೆಲೆ, ಅಂದರೆ ಫ್ಲಶ್, ಸಾಲಾಗಿ ಬರುವ ಐದೆಲೆಯನ್ನು, ಅಂದರೆ ಸ್ಟ್ರೇಟನ್ನು ಸೋಲಿಸುತ್ತದೆ. ಕಾರಣ ಸರಳ. ಮೂರೆಲೆಯಲ್ಲಿ ಕಲರ್ ಆಗುವ ಬಗೆ 1096, ಸೀಕ್ವೆನ್ಸ್ ಆಗುವ ಬಗೆ 720. ಐದೆಲೆಯಲ್ಲಿ ಫ್ಲಶ್ 5108 ಬಗೆ, ಸ್ಟ್ರೇಟ್ 10,200. ಯಾವುದು ಅಪರೂಪವೋ ಅದೇ ದೊಡ್ಡದು. ಎಕ್ಕ-2-3-4-5 ಸ್ಟ್ರೇಟ್ ಆಗುತ್ತದೆ, ಆದರೆ ಎಲ್ಲಕ್ಕಿಂತ ಚಿಕ್ಕದು. ರಾಣಿ-ರಾಜ-ಎಕ್ಕ-2-3 ಏನೂ ಅಲ್ಲ. ಇಸ್ಪೀಟು ಆಟೀನಿಗಿಂತ ದೊಡ್ಡದು ಎಂಬ ಲೆಕ್ಕವೂ ಇಲ್ಲಿಲ್ಲ: ಕೈಯ ಎರಡು, ಮೇಜಿನ ಐದು ಎಲೆಗಳಿಂದ ಆರಿಸಿದ ಇಬ್ಬರ ಉತ್ತಮ ಐದೆಲೆಗಳೂ ಸಮವಾದರೆ ಪಾಟ್ (ನಡುವೆ ಸೇರಿದ ಚಿಪ್ಸ್) ಅರ್ಧರ್ಧ. ಆರನೇ, ಏಳನೇ ಎಲೆ ಲೆಕ್ಕಕ್ಕೇ ಬರುವುದಿಲ್ಲ. ಮನೆಯಾಟದ ಜಗಳಗಳಲ್ಲಿ ಅರ್ಧ ಇಲ್ಲಿಯೇ ಹುಟ್ಟುತ್ತವೆ.

ಉಳಿದರ್ಧ ಸೈಡ್ ಪಾಟ್‌ನದ್ದು. ಒಬ್ಬರು ಇದ್ದ 30 ಚಿಪ್ಸನ್ನೂ ಹಾಕಿ ಆಲ್ ಇನ್ ಆದರು, ಇನ್ನಿಬ್ಬರು ತಲಾ 80 ಹಾಕಿದರು ಎನ್ನಿ. ಮೂವರಿಂದಲೂ 30ರಂತೆ 90 ಮುಖ್ಯ ಪಾಟ್. ಉಳಿದ 50+50, ಅಂದರೆ 100, ಆ ಇಬ್ಬರ ನಡುವಿನದು. 30 ಹಾಕಿದವರು ಗೆದ್ದರೂ ಅವರಿಗೆ ಸಿಗುವುದು 90 ಮಾತ್ರ.

ಈಗ ಎರಡೆಲೆಯ ಪ್ರಶ್ನೆ. ಜೋಡಿಯಲ್ಲದ ಯಾವ ಎರಡೆಲೆ ಇದ್ದರೂ ಫ್ಲಾಪ್‌ನಲ್ಲಿ ಜೋಡಿಯಾದರೂ ಕೂಡುವುದು ಮೂರರಲ್ಲಿ ಒಂದು ಸಲ. ಉಳಿದೆರಡು ಸಲ ಕೈ ಖಾಲಿ. ಕೂಡಿದ ಒಂದು ಸಲವಾದರೂ ಅದು ಗೆಲ್ಲುವಂಥದ್ದಾಗಬೇಕು. ಬಣ್ಣ ಬೇರೆಯಾದ ಎಕ್ಕ-7 ಇಟ್ಟುಕೊಂಡು ಕಾಲ್ ಮಾಡುವವರು ಇಲ್ಲೇ ಸಿಕ್ಕಿಬೀಳುತ್ತಾರೆ. ಎಕ್ಕ ಬಂದರೂ ಎದುರಿನವರ ಬಳಿ ಎಕ್ಕ-ರಾಣಿ ಇದ್ದರೆ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಲ ಗೆಲುವು ಅವರದೇ. ಜೋಡಿಯ ಜೊತೆಗಿನ ಎಲೆ, ಅಂದರೆ ಕಿಕ್ಕರ್, ಸಣ್ಣದಾದಾಗ ಚಿಕ್ಕ ಪಾಟ್ ಗೆದ್ದು ದೊಡ್ಡ ಪಾಟ್ ಸೋಲುತ್ತೀರಿ. ‘ಎರಡೂ ಆಟೀನು ಕಣ್ರೀ’ ಎಂಬ ಸಮಾಧಾನಕ್ಕೂ ಹೆಚ್ಚು ಬೆಲೆಯಿಲ್ಲ: ಒಂದೇ ಬಣ್ಣದ ಎರಡೆಲೆಗೆ ಫ್ಲಾಪ್‌ನಲ್ಲೇ ಫ್ಲಶ್ ಆಗುವುದು ನೂರರಲ್ಲಿ ಒಂದಕ್ಕೂ ಕಮ್ಮಿ.

ಕೂತಿರುವ ಜಾಗ ಎಲೆಯಷ್ಟೇ ಮುಖ್ಯ. ಡೀಲರ್ ಬಟನ್, ಅಂದರೆ ಎಲೆ ಹಂಚುವ ಸರದಿಯ ಗುರುತು, ಯಾರ ಮುಂದಿದೆಯೋ ಅವರು ಫ್ಲಾಪ್ ನಂತರದ ಪ್ರತಿ ಸುತ್ತಿನಲ್ಲೂ ಕೊನೆಗೆ ಮಾತಾಡುತ್ತಾರೆ, ಉಳಿದವರೆಲ್ಲ ಏನು ಮಾಡಿದರೆಂದು ನೋಡಿಯೇ ತೀರ್ಮಾನಿಸುತ್ತಾರೆ. ಹೀಗಾಗಿ ಆರು ಜನರ ಟೇಬಲ್‌ನಲ್ಲಿ ಬಿಗ್ ಬ್ಲೈಂಡ್ ಆದ ತಕ್ಷಣದ ಎರಡು ಸೀಟಿನಲ್ಲಿದ್ದಾಗ ಹತ್ತರಲ್ಲಿ ಒಂದು ಕೈ ಮಾತ್ರ ಆಡಿ: 5-5 ಮತ್ತು ಮೇಲಿನ ಜೋಡಿಗಳು, ಎಕ್ಕದ ಜೊತೆ ರಾಜ, ರಾಣಿ ಅಥವಾ ಗುಲಾಮ, ಒಂದೇ ಬಣ್ಣದ ಎಕ್ಕ-10, ರಾಜ-ರಾಣಿ, ರಾಜ-ಗುಲಾಮ, ರಾಣಿ-ಗುಲಾಮ, ಗುಲಾಮ-10. ಅಷ್ಟೇ. ಬಟನ್ ಮೇಲಿದ್ದು, ನಿಮಗಿಂತ ಮೊದಲು ಮಾತಾಡಿದವರೆಲ್ಲ ಫೋಲ್ಡ್ ಮಾಡಿದ್ದರೆ ಐದರಲ್ಲಿ ಒಂದು ಕೈಗೆ ಹಿಗ್ಗಿಸಬಹುದು: ಎಲ್ಲ ಜೋಡಿಗಳು, ಒಂದೇ ಬಣ್ಣದ ಯಾವುದೇ ಎಕ್ಕ, ಬಣ್ಣ ಬೇರೆಯಾದರೂ ಎಕ್ಕ-10, ರಾಜ-ರಾಣಿ, ರಾಜ-ಗುಲಾಮ, ರಾಣಿ-ಗುಲಾಮ, ಜೊತೆಗೆ 9-8, 8-7ರಂಥ ಒಂದೇ ಬಣ್ಣದ ಅಕ್ಕಪಕ್ಕದ ಎಲೆಗಳು. ಸ್ಮಾಲ್ ಬ್ಲೈಂಡ್‌ನಲ್ಲಿ ‘ಅರ್ಧ ಆಗಲೇ ಹಾಕಿದ್ದೀನಿ’ ಎಂಬುದು ಕಾರಣವೇ ಅಲ್ಲ, ಅಲ್ಲಿ ಕೂತವರು ಮುಂದಿನ ಪ್ರತಿ ಸುತ್ತಲ್ಲೂ ಮೊದಲು ಮಾತಾಡಬೇಕು.

ಆಡುವುದಾದರೆ ಕಾಲ್ ಬೇಡ, ರೈಸ್ ಮಾಡಿ, ಅಂದರೆ ಬೆಟ್ ಏರಿಸಿ. ಅಳತೆ: ಬಿಗ್ ಬ್ಲೈಂಡ್‌ನ ಮೂರು ಪಟ್ಟು, ಜೊತೆಗೆ ಆಗಲೇ ಕಾಲ್ ಮಾಡಿದ ಪ್ರತಿಯೊಬ್ಬರಿಗೆ ಒಂದೊಂದು ಬಿಗ್ ಬ್ಲೈಂಡ್. ಬ್ಲೈಂಡ್ 1/2 ಇದ್ದು ಇಬ್ಬರು ಕಾಲ್ ಮಾಡಿದ್ದರೆ 6+2+2, ಅಂದರೆ 10. ಪಾಟ್ ದೊಡ್ಡದು ಮಾಡುವುದಕ್ಕಿಂತ ಜನ ಕಮ್ಮಿ ಮಾಡುವುದು ಇದರ ಉದ್ದೇಶ. ಎಕ್ಕದ ಜೋಡಿ ಒಬ್ಬ ಎದುರಾಳಿಯ ಯಾವುದೋ ಎರಡೆಲೆಯ ವಿರುದ್ಧ ಶೇ 85 ಸಲ ಗೆಲ್ಲುತ್ತದೆ. ಎದುರಾಳಿಗಳು ನಾಲ್ವರಾದರೆ ಅದೇ ಜೋಡಿ ಶೇ 56ಕ್ಕೆ ಇಳಿಯುತ್ತದೆ. ‘ಎಕ್ಕದ ಜೋಡಿ ಬಂದಾಗೆಲ್ಲ ಸೋಲ್ತೀನಿ’ ಎನ್ನುವವರು ಸಾಮಾನ್ಯವಾಗಿ ಐದು ಜನರನ್ನು ಪುಕ್ಕಟೆ ಫ್ಲಾಪ್‌ಗೆ ಕರೆದುಕೊಂಡು ಹೋದವರು.

ಚಿಕ್ಕ ಜೋಡಿಗೆ, 2-2ರಿಂದ 6-6ರವರೆಗೆ, ಎದುರಿನವರು ಆಗಲೇ ರೈಸ್ ಮಾಡಿದ್ದಾಗ ಬೇರೆ ಲೆಕ್ಕ. ಫ್ಲಾಪ್‌ನಲ್ಲಿ ಅದೇ ಅಂಕಿಯ ಮೂರನೆಯ ಎಲೆ ಬರುವುದು ಎಂಟೂವರೆ ಸಲಕ್ಕೊಮ್ಮೆ. ಆ ಒಂದು ಸಲ ಉಳಿದ ಸಲಗಳ ನಷ್ಟ ತುಂಬಬೇಕಾದರೆ, ಕಾಲ್ ಮಾಡುವ ಮೊತ್ತದ 15 ಪಟ್ಟಾದರೂ ಇಬ್ಬರ ಮುಂದೆಯೂ ಇರಬೇಕು. ರೈಸ್ 6 ಆದರೆ 90. ಎದುರಾಳಿಯ ಬಳಿ 40 ಮಾತ್ರ ಉಳಿದಿದ್ದರೆ 4-4 ಎತ್ತಿ ಬಿಸಾಡಿ.

ಫ್ಲಾಪ್ ಬಿದ್ದ ಮೇಲೆ ಬೇಕಾಗುವುದು ಎರಡು ಎಣಿಕೆ. ಒಂದು, ಔಟ್: ನಿಮ್ಮನ್ನು ಗೆಲ್ಲಿಸುವ ಎಲೆ ಇನ್ನೆಷ್ಟಿವೆ. ಫ್ಲಶ್‌ಗೆ ಒಂದೆಲೆ ಕಮ್ಮಿ ಇದ್ದರೆ 9, ಎರಡು ತುದಿಯೂ ತೆರೆದ ಸ್ಟ್ರೇಟ್‌ಗೆ 8, ನಡುವಿನ ಒಂದೇ ಎಲೆ ಬೇಕಾದ ಸ್ಟ್ರೇಟ್‌ಗೆ 4. ಒಂದೆಲೆ ಬರುವುದಿದ್ದರೆ ಔಟನ್ನು 2ರಿಂದ, ಎರಡೆಲೆ ಬರುವುದಿದ್ದರೆ 4ರಿಂದ ಗುಣಿಸಿದರೆ ಹತ್ತಿರದ ಶೇಕಡಾ ಸಿಗುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಫ್ಲಾಪ್‌ನಲ್ಲಿ ಸದಾ 4ರಿಂದ ಗುಣಿಸುವುದು. ಈಗಿನ ಕಾಲ್ ಕೊಳ್ಳುವುದು ಒಂದೇ ಎಲೆಯನ್ನು, ಆ ನಾಲ್ಕನೇ ಎಲೆಯಾದ ಟರ್ನ್‌ನಲ್ಲಿ ಮತ್ತೆ ಬೆಟ್ ಬಂದರೆ ಮತ್ತೆ ಕೊಡಬೇಕು. 4ರ ಗುಣಾಕಾರ ಆಲ್ ಇನ್ ಆದಾಗ ಮಾತ್ರ ಸರಿ.

ಇನ್ನೊಂದು, ಬೆಲೆ: ನೀವು ಹಾಕಬೇಕಾದದ್ದನ್ನು, ಹಾಕಿದ ಮೇಲೆ ಪಾಟ್ ಎಷ್ಟಾಗುತ್ತದೋ ಅದರಿಂದ ಭಾಗಿಸಿ. ಪಾಟ್‌ನ ಅರ್ಧದಷ್ಟು ಬೆಟ್ ಬಂದರೆ ಶೇ 25 ಗೆಲ್ಲುವ ಅವಕಾಶ ಬೇಕು, ಪಾಟ್‌ನಷ್ಟೇ ಬಂದರೆ ಶೇ 33, ಮೂರನೇ ಒಂದರಷ್ಟಾದರೆ ಶೇ 20. ಈ ಮೂರನ್ನು ಬಾಯಿಪಾಠ ಮಾಡಿದರೆ ಟೇಬಲ್‌ನಲ್ಲಿ ಭಾಗಾಕಾರವೇ ಬೇಡ.

ಒಂದು ಕೈ ಬಿಡಿಸಿ ನೋಡೋಣ. ನಿಮ್ಮ ಬಳಿ ಆಟೀನು ಎಕ್ಕ, ಆಟೀನು 8. ಫ್ಲಾಪ್: ಆಟೀನು ರಾಜ, ಆಟೀನು 6, ಕಳಾವರ್ 2. ಟರ್ನ್: ಇಸ್ಪೀಟು 10. ಪಾಟ್‌ನಲ್ಲಿ 40 ಇದೆ, ಎದುರಾಳಿ 20 ಹಾಕಿದರು. ಕಾಲ್ ಮಾಡಿದರೆ ಪಾಟ್ 80, ಬೇಕಾದದ್ದು ಶೇ 25. ಕಾಣದ 46 ಎಲೆಗಳಲ್ಲಿ ಆಟೀನು 9, ಅಂದರೆ ಶೇ 20ರ ಹತ್ತಿರ. ಸಾಲದು. ಹಾಗಾದರೆ ಫೋಲ್ಡೇ? ಒಂದು ಪ್ರಶ್ನೆ ಉಳಿದಿದೆ: ಐದನೆಯ, ಕೊನೆಯ ಎಲೆ ಆಟೀನಾಗಿ ಬಿದ್ದರೆ ಆ ರಿವರ್‌ನಲ್ಲಿ ಇನ್ನೆಷ್ಟು ಗಿಟ್ಟುತ್ತದೆ? 46 ಸಲದಲ್ಲಿ 37 ಸಲ 20ರಂತೆ 740 ಕಳೆದುಕೊಳ್ಳುತ್ತೀರಿ. ಗೆಲ್ಲುವ 9 ಸಲದಲ್ಲಿ ಅದು ವಾಪಸಾಗಬೇಕಾದರೆ ಸಲಕ್ಕೆ 82 ಬರಬೇಕು. ಪಾಟ್‌ನಲ್ಲಿರುವುದು 60. ಮೂರನೇ ಆಟೀನು ಬಿದ್ದ ಮೇಲೂ ಎದುರಾಳಿ 23 ಕೊಡುವಂಥವರಾದರೆ ಕಾಲ್ ಮಾಡಿ. ಹೆದರಿ ಫೋಲ್ಡ್ ಮಾಡುವವರಾದರೆ, ಇಲ್ಲವೇ ಅವರ ಮುಂದೆ 15 ಚಿಪ್ ಮಾತ್ರ ಉಳಿದಿದ್ದರೆ, ಬಿಟ್ಟುಬಿಡಿ.

‘ಎಕ್ಕ ಬಂದರೂ ಗೆಲ್ತೀನಲ್ಲ, ಇನ್ನು ಮೂರು ಔಟ್’ ಎನ್ನಬಹುದು. 12 ಔಟ್ ಆದರೆ ಶೇ 26, ಕಾಲ್ ಸರಿಹೋಗುತ್ತದೆ. ಆದರೆ ಎದುರಿನವರ ಬಳಿ ಎಕ್ಕ-ರಾಜ ಇದ್ದರೆ ನಿಮಗೆ ಬಂದ ಎಕ್ಕ ಅವರಿಗೆ ಎರಡು ಜೋಡಿ ಮಾಡಿಕೊಡುತ್ತದೆ. ಇಂಥ ಅನುಮಾನದ ಔಟ್‌ಗಳಿಗೆ ಅರ್ಧ ಬೆಲೆ ಕಟ್ಟುವುದು ಒಳ್ಳೆಯ ರೂಢಿ. ಹಾಗೆಯೇ ನೀವು ಸ್ಟ್ರೇಟ್‌ಗೆ ಕಾಯುತ್ತಿದ್ದು ಬೋರ್ಡ್ ಮೇಲೆ, ಅಂದರೆ ಮೇಜಿನ ಎಲೆಗಳಲ್ಲಿ, ಒಂದೇ ಬಣ್ಣದ ಎರಡೆಲೆ ಬಿದ್ದಿದ್ದರೆ, ಎಂಟು ಔಟ್‌ನಲ್ಲಿ ಆ ಬಣ್ಣದ ಎರಡನ್ನು ಕಳೆದು ಆರು ಎನ್ನಿ.

ಇದೇ ಲೆಕ್ಕವನ್ನು ತಿರುಗಿಸಿದರೆ ನೀವು ಎಷ್ಟು ಬೆಟ್ ಮಾಡಬೇಕೆಂಬುದು ಸಿಗುತ್ತದೆ. ಮನೆಯಾಟದಲ್ಲಿ ಒಳ್ಳೆಯ ಕೈ ಬಂದವರು ‘ಓಡಿಹೋಗದಿರಲಿ’ ಎಂದು 40ರ ಪಾಟ್‌ಗೆ 4 ಹಾಕುತ್ತಾರೆ. ಆಗ ಎದುರಾಳಿಗೆ ಬೇಕಾಗುವುದು ಶೇ 8.3. ನಾಲ್ಕೇ ಔಟ್ ಇರುವ ಸ್ಟ್ರೇಟ್‌ಗೂ ಶೇ 8.7 ಅವಕಾಶವಿದೆ! ಅವರ ಕೆಟ್ಟ ಕಾಲನ್ನು ನೀವೇ ಒಳ್ಳೆಯದು ಮಾಡಿಕೊಟ್ಟಂತಾಯಿತು. ಅದೇ ಜಾಗದಲ್ಲಿ 24 ಹಾಕಿದರೆ ಶೇ 27 ಬೇಕಾಗುತ್ತದೆ, ಫ್ಲಶ್‌ಗೆ ಕಾಯುವವರೂ ನಷ್ಟದಲ್ಲೇ ಕಾಲ್ ಮಾಡುತ್ತಾರೆ. ಪಾಟ್‌ನ ಅರ್ಧದಿಂದ ಮೂರನೇ ಎರಡರಷ್ಟು, ಇದು ನಿಮ್ಮ ಸಾಮಾನ್ಯ ಅಳತೆಯಾಗಿರಲಿ.

ಬ್ಲಫ್, ಅಂದರೆ ಕೈ ಖಾಲಿಯಿದ್ದೂ ಇದ್ದಂತೆ ಬೆಟ್ ಮಾಡುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಟ್‌ನ ಅರ್ಧದಷ್ಟು ಹಾಕಿದ ಬ್ಲಫ್ ನಷ್ಟವಾಗದಿರಲು ಮೂರರಲ್ಲಿ ಒಂದು ಸಲವಾದರೂ ಎದುರಾಳಿ ಫೋಲ್ಡ್ ಮಾಡಬೇಕು. ‘ನೋಡೇ ಬಿಡೋಣ’ ಎನ್ನುವವರು ಅಷ್ಟೂ ಮಾಡುವುದಿಲ್ಲ. ಅವರ ಮುಂದೆ ಬ್ಲಫ್ ಬೇಡ, ಒಳ್ಳೆಯ ಜೋಡಿ ಇದ್ದಾಗ ಮೂರು ಸುತ್ತೂ ಬೆಟ್ ಮಾಡಿ. ಫ್ಲಾಪ್‌ಗೆ ಮುಂಚೆ ನೀವೇ ರೈಸ್ ಮಾಡಿ, ಒಬ್ಬರೇ ಕಾಲ್ ಮಾಡಿದ್ದರೆ, ಏನೂ ಕೂಡದಿದ್ದರೂ ಒಮ್ಮೆ ಅರ್ಧ ಪಾಟ್ ಹಾಕಿ ನೋಡಬಹುದು. ಅವರಿಗೂ ಮೂರರಲ್ಲಿ ಎರಡು ಸಲ ಏನೂ ಕೂಡಿರುವುದಿಲ್ಲ. ಮೂವರು ಉಳಿದಿದ್ದರೆ ಸುಮ್ಮನೆ ಚೆಕ್ ಮಾಡಿ, ಅಂದರೆ ಬೆಟ್ ಮಾಡದೆ ಸರದಿ ದಾಟಿಸಿ.

ರಿವರ್ ಬಂದ ಮೇಲೆ ಔಟ್‌ಗಳಿಲ್ಲ, ಎದುರಾಳಿಯ ಬಳಿ ಏನಿದೆ ಎಂಬುದೊಂದೇ ಪ್ರಶ್ನೆ. ಅಪರೂಪಕ್ಕೆ ಆಡುವವರಲ್ಲಿ ಒಂದು ಲಕ್ಷಣ ಬಹಳ ನಂಬಿಕಸ್ಥ: ಎರಡು ಸುತ್ತು ತೆಪ್ಪಗೆ ಕಾಲ್ ಮಾಡಿದವರು ರಿವರ್‌ನಲ್ಲಿ ಇದ್ದಕ್ಕಿದ್ದಂತೆ ದೊಡ್ಡದಾಗಿ ರೈಸ್ ಮಾಡಿದರೆ ಅವರ ಬಳಿ ಎರಡು ಜೋಡಿಯೋ ಅದಕ್ಕಿಂತ ದೊಡ್ಡದೋ ಇರುತ್ತದೆ. ಒಂದೇ ಜೋಡಿಯಿದ್ದರೆ, ಅದು ಎಕ್ಕದ್ದೇ ಆದರೂ, ಫೋಲ್ಡ್. ಆಗಲೇ ಹಾಕಿದ ಚಿಪ್ಸ್ ಪಾಟ್‌ನದ್ದು, ಅದರ ಲೆಕ್ಕ ಮುಗಿದಿದೆ.

ಅಭ್ಯಾಸಕ್ಕೆ ಜನ ಬೇಕಿಲ್ಲ. ಒಂದು ಪ್ಯಾಕ್ ತೆಗೆದು ಆರು ಕೈ ಹಂಚಿ, ಒಂದೊಂದಾಗಿ ತೆರೆದು, ಆ ಸೀಟಿನಿಂದ ಆಡುತ್ತಿದ್ದಿರೋ ಇಲ್ಲವೋ ಜೋರಾಗಿ ಹೇಳಿ. ಆಮೇಲೆ ಫ್ಲಾಪ್ ಹಾಕಿ, ಯಾರು ಮುಂದಿದ್ದಾರೆ, ಹಿಂದಿರುವವರಿಗೆ ಎಷ್ಟು ಔಟ್ ಎಂದು ಎಣಿಸಿ. ಅರ್ಧ ಗಂಟೆಯಲ್ಲಿ ಹದಿನೈದು ಸಲ ಹಂಚಬಹುದು. ಆಟದ ದಿನ, ದೊಡ್ಡ ಪಾಟ್ ಸೋತ ಅಥವಾ ಗೆದ್ದ ಎರಡು ಮೂರು ಕೈಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ನಿಮ್ಮ ಎಲೆ, ಸೀಟು, ಬೋರ್ಡ್, ಪ್ರತಿ ಸುತ್ತಿನಲ್ಲಿ ಪಾಟ್ ಎಷ್ಟು, ಬೆಟ್ ಎಷ್ಟು. ಮರುದಿನ ಕೂತು ಬೆಲೆ ಭಾಗಿಸಿ ನೋಡಿ. ಫಲಿತಾಂಶದ ಕಾಲಂ ಮಾತ್ರ ಬೇಡ. ಶೇ 20ರ ಕಾಲ್ ಗೆದ್ದಿತು ಎಂದು ಬರೆದುಕೊಂಡವರು ಮುಂದಿನ ವಾರ ಅದನ್ನೇ ಮತ್ತೆ ಮಾಡುತ್ತಾರೆ.