ಮೂರಂತಸ್ತಿನ ಲಾಡ್ಜಿಗೆ ಒಂದೇ ಸೌದೆ ಬಾಯ್ಲರ್: ನೀರು, ಪ್ರೆಶರ್ ನಿಭಾಯಿಸುವ ಬಗೆ

ಚಿಕ್ಕಮಗಳೂರಿನಲ್ಲಿ ಹನ್ನೆರಡು ರೂಮಿನ ಲಾಡ್ಜೊಂದರ ಸೌದೆ ಬಾಯ್ಲರ್ ನನ್ನ ಉಸ್ತುವಾರಿಯಲ್ಲಿದೆ. 500 ಲೀಟರಿನದು, ಹಿತ್ತಿಲ ಶೆಡ್ಡಿನಲ್ಲಿ ನೆಲಮಟ್ಟಕ್ಕೇ ಕೂರಿಸಿದ್ದು. ತಾರಸಿಯ 2,000 ಲೀಟರ್ ಟ್ಯಾಂಕಿನಿಂದ ತಣ್ಣೀರು ಬಾಯ್ಲರಿನ ತಳಕ್ಕೆ ಇಳಿಯುತ್ತದೆ, ಬಿಸಿನೀರು ನೆತ್ತಿಯಿಂದ ಹೊರಡುತ್ತದೆ. ಟ್ಯಾಂಕಿನ ನೀರು ಬಾಯ್ಲರಿಗಿಂತ 11 ಮೀಟರ್ ಮೇಲಿದೆ. ಹತ್ತು ಮೀಟರಿಗೆ ಒಂದು ಕೆಜಿ (ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ) ಲೆಕ್ಕ. ನಲ್ಲಿಗಳೆಲ್ಲ ಮುಚ್ಚಿದ್ದಾಗ ಬಾಯ್ಲರಿನ ಪ್ರೆಶರ್ ಗೇಜು 1.1 ತೋರಿಸಬೇಕು.

ಬಿಸಿನೀರು ಸಣ್ಣಗೆ ಬರುತ್ತಿದೆ ಅಂದ ಕೂಡಲೇ ಒಲೆಗೆ ಇನ್ನೆರಡು ಕೊರಡು ತುರುಕುವವರಿದ್ದಾರೆ. ಅದರಿಂದ ನೀರಿನ ರಭಸ ಹೆಚ್ಚುವುದಿಲ್ಲ. ನಾನು ಗೇಜನ್ನು ಎರಡು ಸಲ ಓದುತ್ತೇನೆ: ನಲ್ಲಿ ಮುಚ್ಚಿ ಒಮ್ಮೆ, ಕೆಳಗಿನ ಮೂರು ಬಿಸಿನೀರಿನ ನಲ್ಲಿ ಬಿಟ್ಟು ಇನ್ನೊಮ್ಮೆ. ನಮ್ಮಲ್ಲಿ ಎರಡನೆಯದು 0.8ರ ಆಸುಪಾಸು ನಿಲ್ಲುತ್ತದೆ. ಮುಚ್ಚಿದಾಗ 1.1 ಇದ್ದು, ಬಿಟ್ಟಾಗ 0.4ಕ್ಕೆ ಬಿದ್ದರೆ ತಣ್ಣೀರು ಇಳಿಯುವ ಪೈಪಿನಲ್ಲೇ ಅಡ್ಡಿ. ಹೆಚ್ಚಾಗಿ ಆ ಪೈಪಿನಲ್ಲಿ ಕಸ ಸೋಸುವ ವೈ ಸ್ಟ್ರೈನರಿನ ಜಾಲರಿಯಲ್ಲಿ ಕೆಸರು. ಮಳೆಗಾಲದಲ್ಲಿ ಅದನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯುತ್ತೇನೆ. ಮುಚ್ಚಿದಾಗಲೇ 0.6 ಇದ್ದರೆ ಟ್ಯಾಂಕು ಬರಿದಾಗಿ ನೀರು ಪೈಪಿನೊಳಗೆ ಇಳಿದಿದೆ ಅಂತ ತಿಳಿಯಬೇಕು. ತುಂಬಿದ ಟ್ಯಾಂಕಿಗೂ ಖಾಲಿಯಾಗುತ್ತಿರುವ ಟ್ಯಾಂಕಿಗೂ ಗೇಜಿನಲ್ಲಿ 0.15ರಷ್ಟೇ ವ್ಯತ್ಯಾಸ, ಆದ್ದರಿಂದ ಟ್ಯಾಂಕಿನ ಮಟ್ಟವನ್ನು ಗೇಜಿನಲ್ಲಿ ಹುಡುಕಿ ಫಲವಿಲ್ಲ.

ಆಷಾಢದಲ್ಲಿ ಕರೆಂಟು ಹೋದರೆ ಸಂಪಿನಿಂದ ನೀರು ಮೇಲೇರುವುದಿಲ್ಲ. ಅದಕ್ಕೆ ಟ್ಯಾಂಕಿಗೆ ಎರಡು ಎತ್ತರದಲ್ಲಿ ತೂತು ಕೊರೆಸಿದ್ದೇನೆ. ಬಾಯ್ಲರಿಗೆ ಹೋಗುವ ನೀರು, ಬಚ್ಚಲಿನ ತಣ್ಣೀರು ಎರಡೂ ತಳದಿಂದ 50 ಮಿಮೀ ಮೇಲೆ. ಫ್ಲಶ್, ಅಡುಗೆಮನೆ, ಬಟ್ಟೆ ಒಗೆಯುವ ನಲ್ಲಿಗಳ ಪೈಪು ಅದಕ್ಕಿಂತ 300 ಮಿಮೀ ಮೇಲೆ. ಹೀಗೆ ಸುಮಾರು 400 ಲೀಟರ್ ಸ್ನಾನಕ್ಕೂ ಬಾಯ್ಲರಿಗೂ ಮೀಸಲು. ಬಚ್ಚಲಿನ ತಣ್ಣೀರನ್ನು ಮೇಲಿನ ತೂತಿಗೆ ಕೊಟ್ಟರೆ ಅದು ಮೊದಲು ನಿಂತು, ಷವರಿನಲ್ಲಿ ಬರೀ ಸುಡುನೀರು ಬರುತ್ತದೆ. ಫ್ಲಶ್ಶಿನಲ್ಲಿ ನೀರಿಲ್ಲ ಅಂತ ರೂಮಿನವರು ಕೂಗಿದ್ದೇ ನಮ್ಮ ಅಲಾರಂ: ಆಗಲೇ ಬೆಂಕಿ ತೆಗೆಯುತ್ತೇವೆ.

ಇನ್ನು ಏರ್ ಪೈಪು, ಅಂದರೆ ಹಬೆಯೂ ಹಿಗ್ಗಿದ ನೀರೂ ಹೊರಹೋಗಲು ಸದಾ ತೆರೆದಿರುವ ಪೈಪು. ಬಾಯ್ಲರಿನ ನೆತ್ತಿಯಿಂದ ಒಂದಿಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ನಡುವೆ ಎಲ್ಲೂ ವಾಲ್ವ್ ಇಲ್ಲದೆ ಟ್ಯಾಂಕಿನ ಮೇಲಕ್ಕೆ ಹೋಗಿ ಬಗ್ಗಿರುತ್ತದೆ. ತುದಿ ನೀರಿಗೆ ತಾಗಬಾರದು. ಅದನ್ನು ಟ್ಯಾಂಕಿನ ನೀರಿಗೆ ಸಮನಾಗಿ ನಿಲ್ಲಿಸಿದರೆ ಯಾವಾಗಲೂ ತೊಟ್ಟಿಕ್ಕುತ್ತದೆ. 80 ಡಿಗ್ರಿಯ ನೀರು ತಣ್ಣೀರಿಗಿಂತ ಶೇಕಡ 3ರಷ್ಟು ಹಗುರ. 11 ಮೀಟರಿನಲ್ಲಿ ಅದು ಒಂದಡಿ ಮೇಲೇರಿ ನಿಲ್ಲುತ್ತದೆ. ನಾನು ಎರಡಡಿ ಬಿಟ್ಟಿದ್ದೇನೆ. 500 ಲೀಟರ್ ಕಾದಾಗ ಹಿಗ್ಗುವ 13 ಲೀಟರಿಗೂ ದಾರಿ ಬೇಕು. ಹಿಂದೆ ತಣ್ಣೀರಿನ ಪೈಪಿಗೆ, ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಆದ ಎನ್‌ಆರ್‌ವಿ ಹಾಕಿದ್ದರು. ಅದನ್ನು ಕಿತ್ತು, ಬಿಸಿನೀರು ಹಿಂದಕ್ಕೆ ಹತ್ತದಂತೆ ಪೈಪನ್ನು ಯು ಆಕಾರದಲ್ಲಿ ಕೆಳಕ್ಕಿಳಿಸಿ ಜೋಡಿಸಿದೆ. ಎನ್‌ಆರ್‌ವಿ ಇದ್ದು, ಏರ್ ಪೈಪಿನ ಬಾಯಿಗೆ ಕಣಜ ಗೂಡು ಕಟ್ಟಿದರೆ ಉಳಿಯುವುದು ಸೇಫ್ಟಿ ವಾಲ್ವ್ ಒಂದೇ. ನಮ್ಮದು 2 ಕೆಜಿಯದು. ತಿಂಗಳಿಗೊಮ್ಮೆ ಅದರ ಪಿಡಿ ಎತ್ತಿ ನೀರು ಚಿಮ್ಮಿಸಿ ನೋಡುತ್ತೇನೆ.

ಏರ್ ಪೈಪನ್ನು ಬಾಯ್ಲರ್ ಆರಿದ ಮೇಲೆ ಪರೀಕ್ಷಿಸಬೇಕು, ಇಬ್ಬರು ಬೇಕು. ಕೆಳಗಿನವರು ತಣ್ಣೀರಿನ ಗೇಟ್ ವಾಲ್ವ್ ಮುಚ್ಚಿ ಬಿಸಿನೀರಿನ ನಲ್ಲಿ ಬಿಡಬೇಕು. ಮೇಲಿನವರು ಪೈಪಿನ ಬಾಯಿಗೆ ಅಂಗೈ ಒಡ್ಡಿದರೆ ಗಾಳಿ ಒಳಕ್ಕೆ ಎಳೆದು ಚರ್ಮ ತುಸು ಅಂಟಿಕೊಳ್ಳಬೇಕು. ಅಂಟದಿದ್ದರೆ ಕಟ್ಟಿದೆ. ಮುಗಿದ ಮೇಲೆ ವಾಲ್ವ್ ತೆರೆದು, ಮುಚ್ಚದಂತೆ ಹಿಡಿಗೆ ತಂತಿ ಸುತ್ತುತ್ತೇನೆ.

ಬೆಂಕಿಯ ಮಾತು. ಈ ಊರಿನ ಎತ್ತರಕ್ಕೆ ತೆರೆದ ಪಾತ್ರೆಯ ನೀರು 97 ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಬಾಯ್ಲರಿನೊಳಗೆ 11 ಮೀಟರ್ ನೀರಿನ ಭಾರ ಇರುವುದರಿಂದ 100 ದಾಟಿದರೂ ಸದ್ದಿಲ್ಲ. ನಲ್ಲಿ ತಿರುಗಿಸಿದಾಗ ಹಬೆಯಾಗಿ ಸಿಡಿಯುತ್ತದೆ. ಸಿಪಿವಿಸಿ ಎಂಬ ಬಿಸಿನೀರಿನ ಪ್ಲಾಸ್ಟಿಕ್ ಪೈಪಿಗೆ 93 ಡಿಗ್ರಿಯೇ ಕೊನೆ, ಅದಕ್ಕೇ ಬಾಯ್ಲರಿನಿಂದ ಮೊದಲ ಮೂರು ಮೀಟರ್ ಜಿಐ. ಥರ್ಮಾಮೀಟರ್ 75 ತಲುಪಿದರೆ ಸೌದೆ ನಿಲ್ಲಿಸುತ್ತೇನೆ, ಕೆಂಡದಲ್ಲೇ ಇನ್ನಷ್ಟು ಏರುತ್ತದೆ. 95 ದಾಟಿತೋ, ಸೌದೆ ಎಳೆದು, ಬೂದಿ ಬಾಗಿಲು ಮುಚ್ಚಿ ತಾನಾಗಿ ತಣಿಯಲು ಬಿಡುವುದು. ನೀರು ಬತ್ತಿ ಕಾದ ಬಾಯ್ಲರಿಗೆ ತಣ್ಣೀರು ಹಾಯಿಸಲೇಬಾರದು.

ಮೇಲಿನ ಅಂತಸ್ತಿನ ಷವರಿಗೆ ಎರಡೇ ಮೀಟರ್ ಎತ್ತರ ಸಿಗುತ್ತದೆ, ಅಂದರೆ 0.2 ಕೆಜಿ. ತಣ್ಣೀರಿಗೆ ಮಾತ್ರ ಪ್ರೆಶರ್ ಪಂಪ್ ಕೂರಿಸಿದರೆ ಮಿಕ್ಸರಿನೊಳಗಿಂದ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ ಏರ್ ಪೈಪಿನಿಂದ ಟ್ಯಾಂಕಿಗೆ ಸುರಿಯುತ್ತದೆ. ನಾವು ಆ ಗೋಜಿಗೆ ಹೋಗದೆ ಅಲ್ಲಿಯ ಬಿಸಿನೀರಿನ ಪೈಪನ್ನು ಮುಕ್ಕಾಲಿಂಚಿನಿಂದ ಒಂದಿಂಚಿಗೆ ಬದಲಿಸಿ, ಕಡಿಮೆ ಪ್ರೆಶರಿನ ಷವರ್ ಹಾಕಿಸಿದೆವು.

ಹದಿನೈದು ದಿನಕ್ಕೊಮ್ಮೆ, ಬೆಳಗ್ಗೆ ಒಲೆ ಹಚ್ಚುವ ಮೊದಲು, ಡ್ರೈನ್ ನಲ್ಲಿಯಿಂದ ಹತ್ತು ಲೀಟರ್ ಬಿಡುತ್ತೇನೆ. ಬೋರ್‌ವೆಲ್ ನೀರಾದ್ದರಿಂದ ಬಿಳಿ ಚಕ್ಕೆ ಬರುತ್ತದೆ. ವರ್ಷಕ್ಕೊಮ್ಮೆ ಪೂರ್ತಿ ಬರಿದು ಮಾಡಿ ತೊಳೆದ ಮೇಲೆ ತುಂಬುವಾಗ ಮೇಲಿನ ಬಿಸಿನೀರಿನ ನಲ್ಲಿಗಳನ್ನೆಲ್ಲ ಬಿಟ್ಟಿಟ್ಟು, ಗೇಟ್ ವಾಲ್ವನ್ನು ಕಾಲು ಭಾಗವಷ್ಟೇ ತೆರೆಯುತ್ತೇನೆ. ಒಮ್ಮೆಲೇ ತೆರೆದರೆ ಗಾಳಿ ಸಿಕ್ಕಿಹಾಕಿಕೊಂಡು ಮೂರನೇ ಅಂತಸ್ತಿನ ನಲ್ಲಿಗಳು ಬುಸುಗುಟ್ಟುತ್ತವೆ.