ಬಣ್ಣ ನೋಡಿ ಮಣ್ಣಿಗೆ ಹೆಸರಿಡಬೇಡಿ, ಬಾಟಲಿಯಲ್ಲಿ ಕಲಕಿ ನೋಡಿ

ನಮ್ಮ ಪರಿಚಯದವರೊಬ್ಬರು ಪುಣೆಯ ವಾಘೋಲಿ ಹತ್ತಿರ ಸೈಟು ತಗೊಂಡು ಮೊದಲು ಕಾಂಪೌಂಡ್ ಗೋಡೆ ಕಟ್ಟಿಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಮೇಲಿಂದ ಕೆಳಗೆ ಸೀಳಿತು. ಸಿಮೆಂಟು ಕೆಟ್ಟದ್ದು ಅಂತ ಬೇಸರಪಟ್ಟರು. ಸಿಮೆಂಟಿನದೇನೂ ತಪ್ಪಿರಲಿಲ್ಲ, ಅಡಿಪಾಯದ ಕೆಳಗೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಎರೆಮಣ್ಣಿತ್ತು. ಅದೇ ಮಣ್ಣನ್ನು ಮನೆಯವರು ಚೀಲದಲ್ಲಿ ತಂದು ಬಾಲ್ಕನಿಯ ಕುಂಡಗಳಿಗೆ ತುಂಬಿದರು. ಕಪ್ಪು ಮಣ್ಣು, ಒಳ್ಳೆ ಫಲವತ್ತು ಅಂತ ದಿನಾ ನೀರು ಹಾಕಿದರು. ಮಲ್ಲಿಗೆಯ ಬೇರು ಕೊಳೆಯಿತು. ಮಣ್ಣು ಯಾವ ಜಾತಿಯದು ಅಂತ ಮೊದಲೇ ನೋಡಿದ್ದರೆ ಗೋಡೆಯೂ ಉಳಿಯುತ್ತಿತ್ತು, ಮಲ್ಲಿಗೆಯೂ ಉಳಿಯುತ್ತಿತ್ತು.

ಮಣ್ಣನ್ನು ವಿಂಗಡಿಸುವಾಗ ಮೊದಲು ನೋಡುವುದು ಕಣದ ಗಾತ್ರ. 2ರಿಂದ 0.05 ಮಿಲಿಮೀಟರ್‌ವರೆಗಿನದು ಮರಳು. ಅದಕ್ಕಿಂತ ಸಣ್ಣದು ಹೂಳು. 0.002 ಮಿಲಿಮೀಟರ್‌ಗಿಂತಲೂ ಸಣ್ಣದು ಜೇಡಿ. ಈ ಮೂರೂ ಎಷ್ಟೆಷ್ಟಿವೆ ಅನ್ನುವುದರ ಮೇಲೆ 12 ವರ್ಗಗಳಿವೆ. ಬಣ್ಣದಿಂದ ಸುಳಿವು ಸಿಗುತ್ತದೆ, ಅಳತೆ ಸಿಗುವುದಿಲ್ಲ. ನರ್ಸರಿಯಲ್ಲಿ ‘ಲಾಲ್ ಮಾತಿ’ (ಕೆಂಪು ಮಣ್ಣು) ಅಂತ ಕೊಡುವ ಎರಡು ಚೀಲಗಳಲ್ಲಿ ಒಂದು ಬರೀ ಮರಳಾಗಿರಬಹುದು, ಇನ್ನೊಂದು ಅಂಟು ಜೇಡಿ.

ಮಣ್ಣು ತೆಗೆಯುವುದು ಸುಲಭ. ಮೇಲಿನ ಕಸ ಸರಿಸಿ, ನಾಲ್ಕೈದು ಕಡೆ ಒಂದು ಗೇಣು ಆಳದಿಂದ ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ.

ಎಲ್ಲರೂ ಎಡವುವುದು ಮಣ್ಣನ್ನು ನೀರಲ್ಲಿ ಕಲಕಿ ಪದರ ಅಳೆಯುವ ಬಾಟಲಿ ಪರೀಕ್ಷೆಯಲ್ಲಿ. ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. ಒಣಗಿದ ಹೆಂಟೆಗಳನ್ನು ಲಟ್ಟಣಿಗೆಯಲ್ಲಿ ಪುಡಿ ಮಾಡಿ, ಗೋಧಿ ಸಾಣಿಸುವ ಜರಡಿಯಲ್ಲಿ ಹಿಡಿಯಿರಿ. ಕಲ್ಲು, ಬೇರು ಲೆಕ್ಕಕ್ಕಿಲ್ಲ. ನೇರ ಗೋಡೆಯ ಗಾಜಿನ ಬಾಟಲಿಯೇ ಬೇಕು. ನಡು ಸಣ್ಣಗಿರುವ ತಂಪು ಪಾನೀಯದ ಬಾಟಲಿ ಬೇಡ, ಅದರಲ್ಲಿ ಪದರದ ಎತ್ತರ ಸುಳ್ಳು ಹೇಳುತ್ತದೆ. ಮೂರನೇ ಒಂದು ಭಾಗ ಮಣ್ಣು ಹಾಕಿ, ಬಾಯಿಗೆ ಸ್ವಲ್ಪ ಕೆಳಗಿನವರೆಗೆ ನೀರು ತುಂಬಿ, ಒಂದು ಚಮಚ ಬಟ್ಟೆ ಒಗೆಯುವ ಪುಡಿ ಹಾಕಿ. ಈ ಪುಡಿ ಬಿಟ್ಟರೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ಮರಳಿನ ಜೊತೆ ತಳಕ್ಕೆ ಕೂರುತ್ತವೆ. ನೋಡಿದವರು ‘ನಮ್ಮದು ಮರಳು ಮಣ್ಣು’ ಅಂದುಬಿಡುತ್ತಾರೆ. ಎರೆಮಣ್ಣಾದರೆ ಒಂದು ರಾತ್ರಿ ನೆನೆಯಲು ಬಿಡಿ.

ಆಮೇಲೆ ಹತ್ತು ನಿಮಿಷ ಕುಲುಕಿ. ಹೌದು, ಹತ್ತು ನಿಮಿಷ, ಕೈ ಬದಲಿಸಿಕೊಂಡು. ಇಟ್ಟ ಜಾಗದಿಂದ ಮತ್ತೆ ಅಲುಗಾಡಿಸಬೇಡಿ. ಬಾಟಲಿಗೆ ಒಂದು ಕಾಗದದ ಪಟ್ಟಿ ಅಂಟಿಸಿ. ಒಂದು ನಿಮಿಷಕ್ಕೆ ಕೂತದ್ದು ಮರಳು, ಗೆರೆ ಎಳೆಯಿರಿ. ಎರಡು ಗಂಟೆಗೆ ಇನ್ನೊಂದು ಗೆರೆ, ನಡುವಿನದು ಹೂಳು. ಪದರ ಕಣ್ಣಿಗೆ ಕಂಡಾಗ ಗೆರೆ ಎಳೆಯೋಣ ಅಂತ ಕಾಯಬೇಡಿ. ಕಪ್ಪು ಮಣ್ಣಿನಲ್ಲಿ ಹೂಳಿಗೂ ಜೇಡಿಗೂ ಬಣ್ಣದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಗಡಿಯಾರವನ್ನೇ ನಂಬಿ. ನೀರು ತಿಳಿಯಾದ ಮೇಲೆ ಮೂರನೇ ಗೆರೆ. ಅದಕ್ಕೆ ಒಂದು ದಿನ ಸಾಕಾಗಬಹುದು, ಎರೆಮಣ್ಣಿಗೆ ಮೂರು ದಿನವೂ ಹಿಡಿಯಬಹುದು. ಸಂಜೆಗೇ ಲೆಕ್ಕ ಹಾಕಿದರೆ ಜೇಡಿ ಪೂರ್ತಿ ತಪ್ಪಿಹೋಗುತ್ತದೆ. ತೇಲುವ ಎಲೆಚೂರು ಸೇರಿಸಬೇಡಿ.

ಒಟ್ಟು 10 ಸೆಂಟಿಮೀಟರ್‌ನಲ್ಲಿ ಮರಳು 2, ಹೂಳು 3, ಜೇಡಿ 5 ಬಂತು ಅನ್ನಿ. ಜೇಡಿ ಶೇ 50. ನೀರಲ್ಲಿ ಜೇಡಿ ಉಬ್ಬಿರುವುದರಿಂದ ನಿಜವಾದ ಪಾಲು ಸ್ವಲ್ಪ ಕಡಿಮೆಯೇ ಇರುತ್ತದೆ. ಆದರೂ ಇದು ಜೇಡಿ ಮಣ್ಣಿನ ಸಾಲಿಗೇ ಸೇರುತ್ತದೆ. ಮರಳು 4, ಹೂಳು 4, ಜೇಡಿ 2 ಬಂದರೆ ಅದು ಮೂರೂ ಹದವಾಗಿ ಬೆರೆತ ಗೋಡು ಮಣ್ಣು. ಕುಂಡಕ್ಕೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ.

ಕೈಯಲ್ಲೂ ಒಮ್ಮೆ ತಾಳೆ ನೋಡಿ. ರೊಟ್ಟಿ ಹಿಟ್ಟಿನ ಹದಕ್ಕೆ ಕಲಸಿ, ಹೆಬ್ಬೆರಳಲ್ಲಿ ಒತ್ತುತ್ತಾ ಪಟ್ಟಿ ಎಳೆಯಿರಿ. 5 ಸೆಂಟಿಮೀಟರ್ ದಾಟಿಯೂ ಹರಿಯದಿದ್ದರೆ ಜೇಡಿ. 2.5ರ ಒಳಗೇ ಹರಿದರೆ ಗೋಡು. ಉಂಡೆಯೇ ಕಟ್ಟದಿದ್ದರೆ ಮರಳು. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಅಗ್ಗದ ಮೀಟರುಗಳಿಗೆ ಮಾತ್ರ ದುಡ್ಡು ಹಾಕಬೇಡಿ. ಮಣ್ಣಿನ ವರ್ಗ ಅವುಗಳಿಂದ ತಿಳಿಯುವುದಿಲ್ಲ.

ಇನ್ನು ಒಣ ಮಣ್ಣಿಗೆ ಎರಡು ಹನಿ ವಿನೆಗರ್ ಬಿಡಿ. ಬುರುಗು ಬಂದರೆ ಸುಣ್ಣ ಇದೆ. ದಾಸವಾಳ, ನಿಂಬೆಯ ಎಳೆ ಎಲೆ ಹಳದಿಯಾಗಲು ಎಷ್ಟೋ ಸಲ ಇದೇ ಕಾರಣ. ಸುಣ್ಣ ಜಾಸ್ತಿಯಾದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ.

ಗೋವಾದಲ್ಲಿರುವವರ ಮಣ್ಣಿನ ಗುಣ ಬೇರೆ. ಅಲ್ಲಿಯದು ಜಂಬಿಟ್ಟಿಗೆ ಮಣ್ಣು, ಹುಳಿ ಜಾಸ್ತಿ, ನೀರು ಬೇಗ ಇಳಿಯುತ್ತದೆ. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮ ಮಾತಿನಲ್ಲೂ ಇಟ್ಟಿಗೆ ಇದೆ, ಅಲ್ವಾ? ಅಲ್ಲಿ ಗೊಬ್ಬರ ಸ್ವಲ್ಪ ಸ್ವಲ್ಪವಾಗಿ, ಹೆಚ್ಚು ಸಲ ಹಾಕಬೇಕು. ಪುಣೆಯ ಎರೆಗೆ ಅಂಥ ಅವಸರವಿಲ್ಲ. ಅದಕ್ಕೆ ಮೂರನೇ ಒಂದು ಪಾಲು ಕಾಂಪೋಸ್ಟ್, ಇನ್ನೊಂದು ಪಾಲು ದಪ್ಪ ಮರಳು ಬೆರೆಸಿ. ಬೆರಳು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ.

ಮನೆ ಕಟ್ಟುವವರು ಬಾಟಲಿಗೇ ನಿಲ್ಲಬಾರದು. ಎರೆಮಣ್ಣಿನ ಜೇಡಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ 10 ಗ್ರಾಂ ಪುಡಿಯನ್ನು ನೀರಲ್ಲೂ, ಅಷ್ಟೇ ಪುಡಿಯನ್ನು ಸೀಮೆಎಣ್ಣೆಯಲ್ಲೂ ಒಂದು ದಿನ ಇಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಲ್ಲಿನ ಮಣ್ಣಿನ ಗಾತ್ರ ಸೀಮೆಎಣ್ಣೆಯಲ್ಲಿನದಕ್ಕಿಂತ ಶೇ 50 ದಾಟಿ ಹೆಚ್ಚಿದ್ದರೆ ಎಚ್ಚರ, 100 ದಾಟಿದರೆ ಸಾದಾ ಅಡಿಪಾಯ ಖಂಡಿತ ಬೇಡ. ಇಂಥ ಮಣ್ಣಿನ ಮೇಲೆ ಉಬ್ಬದ ಮುರುಮಿನಂಥ (ಗರಸು) ಮಣ್ಣನ್ನು ದಪ್ಪನಾಗಿ ದಮ್ಮಸು ಮಾಡಿದರೆ ಉಬ್ಬು ಹತೋಟಿಗೆ ಬರುತ್ತದೆ ಅಂತ ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ತೋರಿಸಿಕೊಟ್ಟರು. ಎಷ್ಟು ದಪ್ಪ ಅನ್ನುವುದನ್ನು ಎಂಜಿನಿಯರ್ ವರದಿ ನೋಡಿ ಹೇಳಬೇಕು. ಆ ವರದಿ ಪಾಯ ತೋಡುವ ಮೊದಲೇ ಕೈಯಲ್ಲಿರಲಿ.